ಹಾಸನದಿಂದ ನೇಪಾಳಕ್ಕೆ ಚಳಿಗಾಲದಲ್ಲಿ ಸ್ವಂತ ಕಾರಲ್ಲಿ: ಗಾಡಿ ರೆಡಿ ಮಾಡ್ಕೊಳೋದು ಹೇಗೆ

ಚಳಿ ಏನ್ ನಮಗೆ ಹೊಸದಾ, ಹುಟ್ಟಿ ಬೆಳೆದಿದ್ದೇ ಮಂಜಲ್ಲಿ ಅಂತ ಸಕಲೇಶಪುರ ಮೂಡಿಗೆರೆ ಕಡೆಯೋರು ಹೇಳ್ತಾರೆ. ನಿಮಗೆ ಹೊಸದಲ್ಲ ಕಣ್ರೀ, ಒಪ್ದೆ, ಆದ್ರೆ ನಿಮ್ಮ ಕಾರಿಗೆ ಹೊಸದು. ಚಿಕ್ಕಮಗಳೂರಲ್ಲಿ ಡಿಸೆಂಬರ್ ಬೆಳಗ್ಗೆ ಎಷ್ಟೇ ಗಡಗಡ ನಡುಗಿದ್ರೂ ಬಕೆಟ್ ನೀರು ಗಡ್ಡೆ ಕಟ್ಟಲ್ಲ. ನಮ್ಮ ಗಾಡಿಗಳು ಮಳೆಗೆ, ಘಾಟಿಗೆ, ತೋಟದ ರಸ್ತೆ ಗುಂಡಿಗೆ ಪಳಗಿರೋವು, ರೇಡಿಯೇಟರ್ ಒಳಗೆ ಏನಿದೆ ಹೀಟರ್ ಕೆಲಸ ಮಾಡುತ್ತಾ ಇಲ್ವಾ ಅಂತ ವರ್ಷಗಟ್ಲೆ ನೋಡ್ದೆ ಇದ್ರೂ ಇಲ್ಲಿ ನಡೆದೋಗುತ್ತೆ. ಇಲ್ಲಿನ ಹವೆಯಲ್ಲಿ ಮುಚ್ಚಿಕೊಂಡಿರೋ ಆ ರಿಪೇರಿಗಳನ್ನ ಹೊರಡೋಕ್ ಮುಂಚೆ ಹುಡುಕಿ ತೆಗಿಯೋದೇ ಅರ್ಧ ತಯಾರಿ, ಹೊಸ ಹೊಸ ಸಾಮಾನು ತಗೊಂಡು ಡಿಕ್ಕಿ ತುಂಬ್ಸೋದಲ್ಲ.

ನೇಪಾಳನೇ ಯಾಕೆ ಅಂದ್ರೆ ವೀಸಾ ಬೇಡ, ನಮ್ಮ ಡಿಎಲ್ ನಡಿಯುತ್ತೆ, ಎಡಗಡೆ ಡ್ರೈವಿಂಗು, ಕಾರಿಗೆ ಗಡಿಯಲ್ಲೇ ಪರ್ಮಿಟ್ ಕೊಡ್ತಾರೆ. ಭೂತಾನ್‌ಗೂ ಹೋಗ್ಬಹುದು, ಆದ್ರೆ ಅಲ್ಲಿ ಭಾರತೀಯರಿಗೂ ತಲೆಗೆ ದಿನಕ್ಕೆ 1,200 ರೂಪಾಯಿ ಎಸ್‌ಡಿಎಫ್ ಅನ್ನೋ ಪ್ರವಾಸಿ ಶುಲ್ಕ ಇದೆ, ಗಾಡಿಗೆ ಬೇರೆ ಕಟ್ಬೇಕು, ನಾಲ್ಕು ಜನದ ಮನೆಯೋರಿಗೆ ಲೆಕ್ಕ ಹಾಕಿದ್ರೆ ಎದೆ ಝಲ್ ಅನ್ನುತ್ತೆ.

ಎಲ್ಲೀವರೆಗೆ ಹೋಗ್ತೀರ ಅಂತ ಮೊದ್ಲು ತೀರ್ಮಾನ ಮಾಡಿ

ಎಲ್ಲಾ ತಯಾರಿ ಇದರ ಮೇಲೇ ನಿಂತಿದೆ. ಪೋಖರಾ ಇರೋದು ಸಮುದ್ರಮಟ್ಟದಿಂದ ಸುಮಾರು 820 ಮೀಟರ್, ಅಂದ್ರೆ ನಮ್ಮ ಹಾಸನಕ್ಕಿಂತ ತಗ್ಗಲ್ಲಿ! ಕಠ್ಮಂಡು ಸುಮಾರು 1,400 ಮೀಟರ್, ಜನವರಿ ಬೆಳಗ್ಗೆ ಅಲ್ಲಿ ಎರಡು ಮೂರು ಡಿಗ್ರಿಗೆ ಇಳಿಯುತ್ತೆ. ಲುಂಬಿನಿ, ಚಿತ್ವನ್ ಎಲ್ಲ ಬಯಲು, ಅಲ್ಲಿ ಚಳಿಗಿಂತ ಮಂಜಿನ ಕಾಟ. ಇಷ್ಟೇ ನೋಡ್ಕೊಂಡು ಬರೋರಿಗೆ ಒಳ್ಳೇ ಸರ್ವಿಸು, ಸರಿಯಾದ ಕೂಲಂಟು, ಗಟ್ಟಿ ಬ್ಯಾಟರಿ ಇದ್ರೆ ಸಾಕು.

ಮೇಲೆ ಹಿಮಾಲಯದಲ್ಲಿರೋ ಮುಕ್ತಿನಾಥ್ ಕ್ಷೇತ್ರದವರೆಗೆ ಗಾಡಿ ತಗೊಂಡೋಗ್ತೀವಿ ಅನ್ನೋರ ಕಥೆ ಬೇರೆ. ದಾರೀಲಿ ಸಿಗೋ ಜೋಮ್‌ಸೋಮ್ ಊರೇ 2,700 ಮೀಟರ್ ದಾಟುತ್ತೆ, ಮುಕ್ತಿನಾಥ್ ಸುಮಾರು 3,700, ನಮ್ಮ ಮುಳ್ಳಯ್ಯನಗಿರಿ 1,930 ಅಂದ್ರೆ ಹೆಚ್ಚೂಕಮ್ಮಿ ಎರಡು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟಂಗೆ. ಅಲ್ಲಿ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತೆ, ಹಿಮ ಬೀಳ್ಬಹುದು. ನನ್ನ ಸಲಹೆ ಕೇಳೋದಾದ್ರೆ ಚಳಿಗಾಲದಲ್ಲಿ ಕಾರನ್ನ ಪೋಖರಾದಲ್ಲಿ ಬಿಟ್ಟು ಮೇಲಕ್ಕೆ ಲೋಕಲ್ ಜೀಪಲ್ಲಿ ಹೋಗಿ, ಆ ಡ್ರೈವರ್‌ಗಳು ದಿನಾ ಓಡ್ಸೋರು. ಇಲ್ಲ ನಾವೇ ಹತ್ತುಸ್ತೀವಿ ಅಂದ್ರೆ ಕೆಳಗೆ "ಮೇಲಕ್ಕೆ ಹೋಗೋರು" ಅಂತ ಬರೆದಿರೋ ಕಡೆಯೆಲ್ಲ ಎರಡೆರಡು ಸಲ ಓದಿ.

ಇನ್ನ ಯಾವಾಗ ಹೋಗೋದು ಅನ್ನೋದು. ತೋಟ ಇರೋರಿಗೆ ನಾನು ಹೇಳ್ಬೇಕಾಗಿಲ್ಲ, ಅರೇಬಿಕಾ ಕುಯ್ಲು ಮುಗಿಯೋಷ್ಟರಲ್ಲಿ ರೋಬಸ್ಟಾ ಶುರು, ಡಿಸೆಂಬರ್ ಜನವರೀಲಿ ಕಣ ಬಿಟ್ಟು ಅಲ್ಲಾಡೋ ಹಾಗಿಲ್ಲ. ಕುಯ್ಲು ಮುಗಿಸ್ಕೊಂಡು ಫೆಬ್ರವರಿ ಕೊನೆಗೆ ಹೊರಟ್ರೆ ಅವರಿಗೆ ಒಂಥರಾ ಲಾಭನೇ, ದಾರೀಲಿ ಸಿಗೋ ಉತ್ತರ ಪ್ರದೇಶದ ಮಂಜು ಅಷ್ಟೊತ್ತಿಗೆ ಕಮ್ಮಿಯಾಗಿರುತ್ತೆ.

ಒಂದು ತಿಂಗಳು ಮುಂಚೆ: ಕಾಗದ ಪತ್ರ

ಮೊದಲು ಇನ್ಶೂರೆನ್ಸ್. ನಿಮ್ಮ ಪಾಲಿಸಿ ತೆಗೆದು ನೋಡಿ, ಜಿಯಾಗ್ರಫಿಕಲ್ ಏರಿಯಾ ಅಂತ ಇರೋ ಕಡೆ ಬರೀ ಇಂಡಿಯಾ ಅಂತ ಇರುತ್ತೆ. ನೇಪಾಳದಲ್ಲಿ ಏನಾದ್ರೂ ಆದ್ರೆ ಆ ಪಾಲಿಸಿ ಪ್ರಕಾರ ಒಂದು ಪೈಸೆ ಬರಲ್ಲ. ನೇಪಾಳಕ್ಕೂ ಕವರ್ ಸೇರಿಸಿ ಎಂಡಾರ್ಸ್‌ಮೆಂಟ್ ಮಾಡಿಕೊಡಿ ಅಂತ ಕಂಪನಿಗೆ ಮೇಲ್ ಹಾಕಿ, ದುಡ್ಡೇನ್ ಜಾಸ್ತಿ ಆಗಲ್ಲ, ಆದ್ರೆ ಫೋನಲ್ಲಿ "ಆಗುತ್ತೆ ಸಾರ್, ಕವರ್ ಇದೆ ಸಾರ್" ಅಂದಿದ್ದನ್ನ ನಂಬ್ಕೊಂಡು ಹೊರಡಬೇಡಿ, ಕೈಯಲ್ಲಿ ಪೇಪರ್ ಇರ್ಬೇಕು.

ಆರ್‌ಸಿ, ಡಿಎಲ್ ಎರಡೂ ಒರಿಜಿನಲ್ ಕಾರ್ಡು ತಗೊಳ್ಳಿ, ಫೋನಲ್ಲಿರೋ ಡಿಜಿಲಾಕರ್ ತೋರಿಸ್ತೀನಿ ಅನ್ನೋದು ಗಡಿ ಆಚೆ ನಡಿಯಲ್ಲ. ಜೊತೆಗೆ ಎಮಿಷನ್ ಸರ್ಟಿಫಿಕೇಟು. ಜನಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ. ಆಧಾರ್ ಒಂದನ್ನೇ ನೆಚ್ಕೊಂಡು ಹೋಗಬೇಡಿ. ಗಾಡಿ ಅಪ್ಪನ ಹೆಸರಲ್ಲೋ ಭಾವನ ಹೆಸರಲ್ಲೋ ಇದ್ದು ಅವರು ಜೊತೆಗೆ ಬರ್ತಿಲ್ಲ ಅಂದ್ರೆ ಅವರ ಸಹಿ ಇರೋ ಇಂಗ್ಲಿಷ್ ಒಪ್ಪಿಗೆ ಪತ್ರ ಬರೆಸ್ಕೊಳ್ಳಿ, ನೋಟರಿ ಮಾಡ್ಸಿದ್ರೆ ಇನ್ನೂ ಒಳ್ಳೇದು. ಸಾಲ ಇದ್ರೆ ಬ್ಯಾಂಕಿಂದ ಎನ್‌ಒಸಿ. ಎಲ್ಲದರದ್ದೂ ಮೂರ್ನಾಲ್ಕು ಸೆಟ್ ಝೆರಾಕ್ಸ್, ಗಡಿಯಲ್ಲಿ ಝೆರಾಕ್ಸ್ ಅಂಗಡಿ ಹುಡುಕ್ತಾ ನಿಂತ್ರೆ ಏಜೆಂಟುಗಳು ಮುತ್ಕೊತಾರೆ.

ಕೂಲಂಟ್, ಥರ್ಮೋಸ್ಟಾಟ್, ಹೀಟರ್: ನಮ್ಮೂರ ಗಾಡಿಗಳ ಅಸಲಿ ರೋಗ ಇಲ್ಲಿದೆ

ಈಗಲೇ ಹೋಗಿ ಗಾಡಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡ್ಸಿ, ಎಸಿ ಆಫ್ ಮಾಡಿ ಟೆಂಪರೇಚರ್ ನಾಬನ್ನ ಪೂರ್ತಿ ಕೆಂಪು ಕಡೆ ತಿರುಗ್ಸಿ. ಹಾಸನದಲ್ಲಿ ಅರ್ಧಕ್ಕರ್ಧ ಜನ ಕಾರ್ ತಗೊಂಡಾಗಿಂದ ಆ ನಾಬನ್ನ ಆ ಕಡೆ ಮುಟ್ಟೇ ಇರಲ್ಲ. ಮೊದ್ಲು ಸುಟ್ಟ ಧೂಳಿನ ವಾಸನೆ ಬರುತ್ತೆ, ಗಾಬರಿ ಬೇಡ, ಎರಡು ನಿಮಿಷಕ್ಕೆ ಹೋಗುತ್ತೆ. ಕೈ ತಡಿಯೋಕಾಗ್ದಷ್ಟು ಬಿಸಿ ಗಾಳಿ ಬಂದ್ರೆ ಸೈ. ಉಗುರು ಬೆಚ್ಚಗೆ ಬಂದ್ರೆ ಅಥವಾ ತಣ್ಣಗೇ ಬಂದ್ರೆ ಮೂರರಲ್ಲಿ ಒಂದು: ಕೂಲಂಟ್ ಕಮ್ಮಿ ಇದೆ, ಹೀಟರ್ ಒಳಗಿನ ಪೈಪು ತುಕ್ಕು ಕಟ್ಕೊಂಡು ಬ್ಲಾಕ್ ಆಗಿದೆ, ಇಲ್ಲ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೆ ಕೂಲಂಟನ್ನ ರೇಡಿಯೇಟರ್‌ಗೆ ಬಿಡದೆ ತಡಿಯೋ ವಾಲ್ವ್) ಕಥೆ ಮುಗಿದಿದೆ. ಸಿಹಿ ಸಿಹಿ ವಾಸನೆ ಬಂದು ಮುಂದಿನ ಸೀಟಿನ ಕಾಲ ಹತ್ರ ಒದ್ದೆ ಆದ್ರೆ ಹೀಟರ್ ಕೋರ್ ಲೀಕು.

ಹಳೇ ಗಾಡಿಗಳಲ್ಲಿ ನಾಲ್ಕನೇದು ಇನ್ನೊಂದಿದೆ. ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳಿಗೆ ಒಂದು ಅಭ್ಯಾಸ, ಗಾಡಿ ಹೀಟ್ ಆಗ್ತಿದೆ ಅಂತ ತಗೊಂಡು ಹೋದ್ರೆ "ಥರ್ಮೋಸ್ಟಾಟ್ ವಾಲ್ವ್ ಕಿತ್ತಾಕ್ಬಿಡೋಣ ಬಿಡಿ ಸಾರ್, ಇನ್ ಜನ್ಮದಲ್ಲಿ ಹೀಟ್ ಆಗಲ್ಲ" ಅಂತಾರೆ. ಹೀಟರ್ ಪೈಪ್ ಲೀಕಾದ್ರೂ ಅಷ್ಟೇ, ಎರಡು ತುದಿನೂ ಒಂದಕ್ಕೊಂದು ಸೇರಿಸಿ ಕ್ಲಿಪ್ ಹಾಕಿ ಬೈಪಾಸ್ ಮಾಡಿ ಕಳಿಸ್ತಾರೆ. ನಮ್ಮೂರಲ್ಲಿ ಓಡಾಡೋಕೆ ಗೊತ್ತೇ ಆಗಲ್ಲ. ಚಳಿ ದೇಶದಲ್ಲಿ ಆ ವಾಲ್ವ್ ಇಲ್ದೆ ಇದ್ರೆ ಇಂಜಿನ್ ಬಿಸಿನೇ ಏರಲ್ಲ, ಡೀಸೆಲ್ ಕುಡಿಯುತ್ತೆ, ಹೀಟರ್ ಬರಲ್ಲ, ಹೀಟರ್ ಇಲ್ದೆ ಮುಂದಿನ ಗ್ಲಾಸಿನ ಮಂಜು ಹೋಗಲ್ಲ. ಸೆಕೆಂಡ್ ಹ್ಯಾಂಡ್ ಕಾರಾಗಿದ್ರೆ "ಅಣ್ಣ, ವಾಲ್ವ್ ಇದ್ಯಾ ನೋಡಣ್ಣ" ಅಂತ ಕೇಳಿ ಎದುರುಗಡೆನೇ ತೆಗೆಸಿ ನೋಡಿ. ಇಲ್ಲ ಅಂದ್ರೆ ಹೊಸದು ಹಾಕ್ಸಿ, ದೊಡ್ಡ ಖರ್ಚಿನ ಪಾರ್ಟಲ್ಲ.

ಈಗ ಕೂಲಂಟ್. ಘಾಟಿ ಹತ್ತುವಾಗ ಕಮ್ಮಿ ಆಯ್ತು ಅಂತ ಬಿಸ್ಲೆರಿ ಬಾಟ್ಲಿ ನೀರು, ಬೋರ್‌ವೆಲ್ ನೀರು ಸುರಿದು ಸುರಿದು ಒಳಗಿರೋದು ಬಣ್ಣದ ನೀರಷ್ಟೇ ಆಗಿರುತ್ತೆ. ನೀರು ಹೆಪ್ಪುಗಟ್ಟಿದ್ರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ, ರೇಡಿಯೇಟರ್ ಸೀಳಬಹುದು, ಹಣೆಬರಹ ಕೆಟ್ರೆ ಇಂಜಿನ್ ಬ್ಲಾಕೇ ಬಿರುಕು ಬಿಡುತ್ತೆ. ಇಥಿಲೀನ್ ಗ್ಲೈಕಾಲ್ ಮತ್ತೆ ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಇದ್ರೆ ಮೈನಸ್ 37 ಡಿಗ್ರಿ ತನಕ ತಡಿಯುತ್ತೆ, ಗ್ಲೈಕಾಲ್ 30 ಪರ್ಸೆಂಟ್ ಇದ್ರೆ ಮೈನಸ್ 15ರ ಆಸುಪಾಸು. ಹಂಗಂತ ಜಾಸ್ತಿ ಒಳ್ಳೇದು ಅಂತ ನೀರೇ ಬೆರೆಸದೆ ಪೂರ್ತಿ ಗ್ಲೈಕಾಲ್ ಸುರಿಬೇಡಿ, ಬರೀ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತೆ, ಶಾಖ ತಗೊಂಡೋಗೋದೂ ಕಮ್ಮಿ. ಪೂರ್ತಿ ಡ್ರೈನ್ ಮಾಡ್ಸಿ, ಒಂದು ಸಲ ಫ್ಲಶ್ ಮಾಡ್ಸಿ, ಮ್ಯಾನ್ಯುಯಲಲ್ಲಿ ಹೇಳಿರೋ ಟೈಪೇ ಹಾಕ್ಸಿ. ರೆಡಿ ಮಿಕ್ಸ್ ಕ್ಯಾನ್ ತಂದ್ರೆ ಅದಕ್ಕೆ ಮತ್ತೆ ನೀರು ಬೆರೆಸೋ ಹಾಗಿಲ್ಲ, ಗ್ಯಾರೇಜ್ ಹುಡುಗರು ಕೈ ಅಭ್ಯಾಸದಲ್ಲಿ ಮಗ್ ಹಿಡ್ಕೊಂಡ್ ಬರ್ತಾರೆ, ಪಕ್ಕದಲ್ಲೇ ನಿಂತಿರಿ.

ಬಾನೆಟ್ ಎತ್ತಿದಾಗ ಇಲಿ ಕಡಿದಿರೋ ವೈರ್ ಇದ್ಯಾ ಅಂತಾನೂ ನೋಡ್ಬಿಡಿ. ಗೋಡೌನ್ ಪಕ್ಕ, ಕಣದ ಪಕ್ಕ ನಿಲ್ಸೋ ಗಾಡಿಗಳಿಗೆ ಚಳಿಗಾಲದಲ್ಲಿ ಬಿಸಿ ಇಂಜಿನ್ ಮೇಲೆ ಇಲಿ ಸಂಸಾರ ಗ್ಯಾರಂಟಿ.

ಬ್ಯಾಟರಿ

ಹಾಸನದಲ್ಲಿ ಹೆಂಗೋ ಒಂದೇ ಸಲಕ್ಕೆ ಸ್ಟಾರ್ಟ್ ಆಗೋ ಮೂರ್ನಾಲ್ಕು ವರ್ಷದ ಬ್ಯಾಟರಿ ಅಲ್ಲಿ ಕಟಕಟ ಅಂತ ಸದ್ದು ಮಾಡಿ ಕೈ ಕೊಡುತ್ತೆ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿ ಶಕ್ತಿ ಸುಮಾರು ಐದರಲ್ಲಿ ಒಂದು ಭಾಗ ಕಮ್ಮಿಯಾಗುತ್ತೆ, ಅದೇ ಹೊತ್ತಿಗೆ ಇಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸೋಕೆ ಜಾಸ್ತಿ ಬಲ ಬೇಕು. ರಾತ್ರಿ ನಿಲ್ಸಿದ ಗಾಡಿಗೆ ಬೆಳಗ್ಗೆ ಸ್ಟಾರ್ಟ್ ಮಾಡೋಕ್ ಮುಂಚೆ ಮೀಟರ್ ಇಟ್ಟು ನೋಡಿ: 12.6 ವೋಲ್ಟ್ ಇದ್ರೆ ಫುಲ್, 12.4 ಇದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ. ಇಂಜಿನ್ ಓಡ್ತಿರುವಾಗ 13.8ರಿಂದ 14.4 ಇರ್ಬೇಕು, ಇಲ್ಲ ಅಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕಡೆ ನೋಡಿ. ಲೋಡ್ ಟೆಸ್ಟ್ ಬ್ಯಾಟರಿ ಅಂಗಡೀಲೇ ಮಾಡ್ಕೊಡ್ತಾರೆ, ಅದ್ರಲ್ಲಿ ಸೋತ್ರೆ ಮುಲಾಜಿಲ್ದೆ ಬದಲಾಯಿಸಿ. ಟರ್ಮಿನಲ್ ಮೇಲಿರೋ ಬಿಳಿ ಪುಡಿ ಬಿಸಿನೀರು ಸೋಡಾಪುಡಿ ಹಾಕಿ ತೊಳೆದು ವ್ಯಾಸಲೀನ್ ಹಚ್ಚಿ.

ಆಯಿಲ್, ಡೀಸೆಲ್

ಹಳೇ ಡೀಸೆಲ್ ಗಾಡಿಗಳಿಗೆ 15ಡಬ್ಲ್ಯೂ-40 ಗ್ರೇಡ್ ಇಂಜಿನ್ ಆಯಿಲ್ ಹಾಕಿರ್ತಾರೆ, ಕಠ್ಮಂಡುವರೆಗೆ ಅದೇನೂ ತೊಂದ್ರೆ ಕೊಡಲ್ಲ. ಮೇಲಕ್ಕೆ ಹೋಗೋರು ಮ್ಯಾನ್ಯುಯಲ್ ಒಪ್ಪಿದ್ರೆ ಚಳೀಲೂ ತೆಳ್ಳಗಿರೋ 5ಡಬ್ಲ್ಯೂ-30 ಅಥವಾ 5ಡಬ್ಲ್ಯೂ-40ಗೆ ಬದಲಾಯಿಸಿ, ಬೆಳಗಿನ ಸ್ಟಾರ್ಟಿಂಗ್ ಹಗುರಾಗುತ್ತೆ.

ಡೀಸೆಲ್ಲಲ್ಲಿ ಮೇಣದ ಅಂಶ ಇರುತ್ತೆ, ಚಳಿ ಹೆಚ್ಚಾದ್ರೆ ಅದು ಹರಳುಗಟ್ಟಿ ಫಿಲ್ಟರ್ ಮುಚ್ಕೊಂಡ್ಬಿಡುತ್ತೆ. ನಮ್ಮ ದೇಶದ ಸ್ಟ್ಯಾಂಡರ್ಡ್ ಪ್ರಕಾರ ಫಿಲ್ಟರ್ ಕಟ್ಟೋ ಮಿತಿ ಬೇಸಿಗೆ ಡೀಸೆಲ್‌ಗೆ 18 ಡಿಗ್ರಿ, ಚಳಿಗಾಲದ್ದಕ್ಕೆ 6 ಡಿಗ್ರಿವರೆಗೂ ಇರ್ಬಹುದು. ಲಡಾಖಿಗೆ ಅಂತಲೇ ಇಂಡಿಯನ್ ಆಯಿಲ್ 2019ರಲ್ಲಿ ಬೇರೆ ವಿಂಟರ್ ಡೀಸೆಲ್ ತಂದಿದ್ದು ಇದಕ್ಕೇ. ನೇಪಾಳಕ್ಕೆ ಇಂಧನ ಹೋಗೋದೂ ಇಂಡಿಯಾದಿಂದಲೇ, ಹಾಗಾಗಿ ಅಲ್ಲೇನೋ ಸ್ಪೆಷಲ್ ಡೀಸೆಲ್ ಸಿಗುತ್ತೆ ಅಂದ್ಕೋಬೇಡಿ. ಹೊರಡೋಕ್ ಮುಂಚೆ ಡೀಸೆಲ್ ಫಿಲ್ಟರ್ ಹೊಸದು ಹಾಕ್ಸಿ, ಫಿಲ್ಟರ್ ತಳದಲ್ಲಿ ನಿಂತಿರೋ ನೀರು ಬಿಡ್ಸಿ, ಚಳೀಲಿ ಸ್ಟಾರ್ಟ್ ಆಗೋಕೆ ಇಂಜಿನ್ ಒಳಗೆ ಬಿಸಿ ಕೊಡೋ ಗ್ಲೋ ಪ್ಲಗ್ ಚೆಕ್ ಮಾಡ್ಸಿ. ಮೇಲಕ್ಕೆ ಹೋಗೋರು ರಾತ್ರಿ ಟ್ಯಾಂಕ್ ತುಂಬಿಸಿ ನಿಲ್ಸಿ, ಬೆಳಗಿನ ಬಿಸಿಲು ಮೊದ್ಲು ಬೀಳೋ ಕಡೆ ಮೂತಿ ಮಾಡಿ ನಿಲ್ಸಿ, ಸೂರ್ಯ ಮೇಲೇಳೋವರೆಗೆ ಸ್ಟಾರ್ಟ್ ಮಾಡೋ ಆತುರ ಬೇಡ. ಟ್ಯಾಂಕಿನ ಕೆಳಗೆ ಬೆಂಕಿ ಹಾಕೋ ಲಾರಿಯೋರ ಐಡಿಯಾ ದಯವಿಟ್ಟು ಬೇಡ. ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡೋಕೆ ಹಾಕೋ ಡಿಇಎಫ್ ದ್ರವ ಮೈನಸ್ 11ಕ್ಕೆ ಗಟ್ಟಿಯಾಗುತ್ತೆ, ಆದ್ರೆ ಅದಕ್ಕೆ ಹೀಟರ್ ಇರುತ್ತೆ, ಲೆವೆಲ್ ತುಂಬಿಸ್ಕೊಂಡು ಹೋದ್ರೆ ಸಾಕು.

ಪೆಟ್ರೋಲ್ ಗಾಡಿಗೆ ಈ ತಲೆನೋವೇ ಇಲ್ಲ, ಆದ್ರೆ ಟರ್ಬೋ ಇಲ್ದೆ ಇರೋ ಸಣ್ಣ ಇಂಜಿನ್ ಪ್ರತಿ ಸಾವಿರ ಮೀಟರ್‌ಗೆ ಸುಮಾರು 10 ಪರ್ಸೆಂಟ್ ಸೊರಗುತ್ತೆ, ಫುಲ್ ಲೋಡಲ್ಲಿ ಮುಕ್ತಿನಾಥ್ ಹತ್ತುವಾಗ ಫಸ್ಟ್ ಗೇರಲ್ಲೇ ಕಾಲ ಕಳೀಬೇಕಾಗುತ್ತೆ. ಸಿಎನ್‌ಜಿ ಕಾರು ಇರೋರು ಗಡಿಯಾಚೆ ಪೆಟ್ರೋಲ್ ಮೇಲೇ ಓಡ್ಸೋ ಲೆಕ್ಕ ಇಟ್ಕೊಂಡು ಹೊರಡಿ.

ಟೈರ್, ಬ್ರೇಕ್

ಕಾನೂನು ಪ್ರಕಾರ ಟೈರಿನ ಗೀರುಗಳ ಆಳ 1.6 ಮಿಲಿಮೀಟರ್ ಇದ್ರೆ ಸಾಕು, ಆದ್ರೆ ಅಷ್ಟೇ ಇರೋ ಟೈರಲ್ಲಿ ಎರಡು ಸಾವಿರ ಕಿಲೋಮೀಟರ್ ಆಚೆ ಹೋಗ್ತೀನಿ ಅನ್ನೋದು ದಡ್ಡತನ. 3 ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ಬದಲಾಯಿಸಿ, ಸ್ಟೆಪ್ನಿ ಮರೀಬೇಡಿ. ಗಾಳಿ ವಿಷಯ ಸ್ವಲ್ಪ ಮಜವಾಗಿದೆ. ತಾಪಮಾನ ಐದಾರು ಡಿಗ್ರಿ ಇಳಿದಂಗೆಲ್ಲ ಸುಮಾರು 1 ಪಿಎಸ್ಐ ಇಳಿಯುತ್ತೆ, ಹಾಸನದಲ್ಲಿ ಮಧ್ಯಾಹ್ನದ ಬಿಸಿಲಲ್ಲಿ 33 ಹಾಕ್ಸಿದ್ದು ಕಠ್ಮಂಡು ಬೆಳಗಿನ ಜಾವ 28-29 ತೋರ್ಸುತ್ತೆ. ಅದೇ ಮುಕ್ತಿನಾಥ್ ಎತ್ತರಕ್ಕೆ ಹೋದ್ರೆ ಹೊರಗಿನ ವಾಯುಭಾರ ಕಮ್ಮಿಯಾಗಿ ಗೇಜು ಮತ್ತೆ ಮೇಲಕ್ಕೆ ಹೋಗುತ್ತೆ. ಹಾಗಾಗಿ ಲೆಕ್ಕ ಹಾಕ್ತಾ ಕೂರೋದ್ಕಿಂತ ಒಂದು ಗೇಜು, 12 ವೋಲ್ಟಿನ ಒಂದು ಪಂಪು ಗಾಡೀಲೇ ಇಟ್ಕೊಂಡು ಬೆಳಗ್ಗೆ ಟೈರ್ ತಣ್ಣಗಿದ್ದಾಗ ನೋಡ್ಕೊಳ್ಳಿ.

ಬ್ರೇಕ್ ಆಯಿಲ್ ಹಾಕ್ಸಿ ಎರಡು ವರ್ಷ ದಾಟಿದ್ರೆ ಬದಲಾಯಿಸಿ, ಅದು ನೀರಿನಂಶ ಎಳ್ಕೊಳುತ್ತೆ, ನಮ್ಮ ಮಳೆಗಾಲದ ಗಾಡಿಗಳಿಗಂತೂ ಕೇಳ್ಲೇಬೇಡಿ. ಪ್ಯಾಡ್, ಬಾಲ್ ಜಾಯಿಂಟ್, ಬುಷ್ ಎಲ್ಲ ಒಂದ್ಸಲ ರ‍್ಯಾಂಪ್ ಮೇಲೆ ಹತ್ತಿಸಿ ನೋಡ್ಸಿ. ಮೇಲಕ್ಕೆ ಹೋಗೋರಿಗೆ ಒಂದು ಸಣ್ಣ ವಿಷಯ: ಒದ್ದೆ ರಸ್ತೇಲಿ ಬಂದು ರಾತ್ರಿ ಹ್ಯಾಂಡ್ ಬ್ರೇಕ್ ಎಳೆದು ಮಲ್ಕೊಂಡ್ರೆ ಬೆಳಗ್ಗೆ ಅದು ಹಿಮಗಟ್ಟಿ ಬಿಡದೇ ಇರ್ಬಹುದು. ಸಮತಟ್ಟು ಜಾಗದಲ್ಲಿ ನಿಲ್ಸಿ, ಗೇರಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಮಂಜು: ಲೈಟು, ಗ್ಲಾಸು

ನಿಜವಾಗ್ಲೂ ಹೆದರಬೇಕಾಗಿರೋದು ಹಿಮಕ್ಕಲ್ಲ. ಪ್ರಯಾಗರಾಜ್ ದಾಟಿ ಗೋರಖ್‌ಪುರ, ನೇಪಾಳ ಗಡಿಯ ಸೋನೌಲಿ ತನಕ ಡಿಸೆಂಬರ್ ಜನವರಿ ಮಂಜು ಅಂದ್ರೆ ಚಾರ್ಮಾಡಿ ಮಂಜಿನ ಹಾಗಲ್ಲ. ಚಾರ್ಮಾಡೀಲಿ ಎರಡು ತಿರುವು ಇಳಿದ್ರೆ ತಿಳಿಯಾಗುತ್ತೆ, ಅಲ್ಲಿ ಇಡೀ ಬಯಲೇ ಮುಚ್ಚಿರುತ್ತೆ, ಕೆಲವು ದಿನ ಹತ್ತು ಗಂಟೆಯಾದ್ರೂ ಬಿಡಲ್ಲ. ಜೊತೆಗೆ ಅದೇ ಕಬ್ಬು ಅರೆಯೋ ಸೀಸನ್ನು, ಮಂಡ್ಯ ಕಡೆ ನೋಡಿರ್ತೀರಲ್ಲ, ಹಿಂದೆ ಒಂದು ರೇಡಿಯಮ್ ಸ್ಟಿಕ್ಕರೂ ಇಲ್ದೆ ರಸ್ತೆ ತುಂಬ ಹರಡ್ಕೊಂಡು ಹೋಗೋ ಟ್ರ್ಯಾಕ್ಟರುಗಳು, ಅವೇ ಅಲ್ಲೂ. ಬೆಳಗ್ಗೆ ಮಂಜು ತಿಳಿಯಾಗೋವರೆಗೂ ಹೊರಡಲ್ಲ, ಕತ್ತಲಾದ್ಮೇಲೆ ಓಡಿಸಲ್ಲ ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಹೊರಡಿ.

ಫಾಗ್ ಲ್ಯಾಂಪ್ ಇದ್ರೆ ಎರಡೂ ಉರಿತಾವಾ ನೋಡಿ, ಮಂಜಲ್ಲಿ ಯಾವತ್ತೂ ಡಿಮ್ಮೇ, ಹೈ ಬೀಮ್ ಹಾಕಿದ್ರೆ ಬಿಳಿ ಗೋಡೆ ಎದುರಿಗೆ ಬರುತ್ತೆ. ಓಡ್ತಾ ಇರುವಾಗ ನಾಲ್ಕೂ ಇಂಡಿಕೇಟರ್ ಹಾಕೋ ನಮ್ಮೋರ ಅಭ್ಯಾಸ ಬಿಡಿ, ನೀವು ನಿಂತಿದೀರೋ ತಿರುಗ್ತಿದೀರೋ ಹಿಂದಿನೋರಿಗೆ ಗೊತ್ತಾಗಲ್ಲ. ಮಳೆಗಾಲ ಮುಗಿಸಿದ ವೈಪರ್ ರಬ್ಬರ್ ಸತ್ತಿರುತ್ತೆ, ಹೊಸದು ಹಾಕ್ಸಿ. ಗ್ಲಾಸ್ ಒಳಗಿಂದ ಮಂಜು ಕಟ್ಟಿದ್ರೆ ಬಟ್ಟೆ ತಗೊಂಡು ಉಜ್ಜಬೇಡಿ, ಎಸಿ ಆನ್, ನಾಬು ಬಿಸಿ ಕಡೆ, ಗಾಳಿ ಗ್ಲಾಸ್ ಕಡೆ, ಒಳಗಿನ ಗಾಳಿನೇ ಸುತ್ತಿಸೋ ರೀಸರ್ಕ್ಯುಲೇಷನ್ ಆಫ್. ಎಸಿ ಗಾಳಿಯ ತೇವ ತೆಗಿಯುತ್ತೆ, ಹೀಟರ್ ಗ್ಲಾಸ್ ಬಿಸಿ ಮಾಡುತ್ತೆ, ಎರಡೂ ಒಟ್ಟಿಗೆ ಬೇಕು. ವಾಷರ್ ಡಬ್ಬಿಗೆ ನೀರು ಶಾಂಪೂ ಹಾಕೋ ಪದ್ಧತಿ ಬಯಲಿಗೆ ಓಕೆ, ಮೇಲಕ್ಕೆ ಹೋಗೋರು ಅದನ್ನ ಖಾಲಿ ಮಾಡಿ ಎಷ್ಟು ಡಿಗ್ರಿಗೆ ತಡಿಯುತ್ತೆ ಅಂತ ಲೇಬಲ್ ಮೇಲೆ ಬರೆದಿರೋ ಫ್ಲೂಯಿಡ್ ಹಾಕಿ. ಗಾಜಿನ ಮೇಲೆ ಐಸ್ ಕೂತಿದ್ರೆ ಬಿಸಿನೀರು ಸುರಿದ್ರೆ ಗಾಜು ಟಪ್ ಅನ್ನುತ್ತೆ, ಹಳೇ ಎಟಿಎಂ ಕಾರ್ಡಲ್ಲಿ ಕೆರೀರಿ.

ಹೊರಡೋ ವಾರ: ಒಂದು ಟ್ರಯಲ್

ಸರ್ವಿಸ್ ಆದ ಮಾರನೇ ದಿನನೇ ಹೊರಡಬೇಡಿ. ಒಂದು ವಾರ ಮುಂಚೆ ಸರ್ವಿಸ್ ಮುಗಿಸಿ, ಮನೆಯೋರನ್ನೆಲ್ಲ ಕೂರಿಸ್ಕೊಂಡು, ನಿಜವಾದ ಲಗೇಜ್ ತುಂಬಿ, ಬೆಳಗಿನ ಜಾವ ಎದ್ದು ಮೂಡಿಗೆರೆ ಕೊಟ್ಟಿಗೆಹಾರ ಮೇಲೆ ಚಾರ್ಮಾಡಿ ಇಳಿದು ಉಜಿರೆ ಮುಟ್ಟಿ ವಾಪಸ್ ಹತ್ತಿ. ಇಳಿವಾಗ ಸೆಕೆಂಡ್ ಗೇರ್ ಬ್ರೇಕಿಂಗ್, ಹತ್ತುವಾಗ ಟೆಂಪರೇಚರ್ ಮುಳ್ಳು, ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಸಿದಾಗ ಗಾಡಿ ಕೆಳಗೆ ಏನಾದ್ರೂ ಸೋರಿದ್ಯಾ, ಬಾನೆಟ್ ಒಳಗೆ ಕೂಲಂಟ್ ಲೆವೆಲ್ ಇಳಿದಿದ್ಯಾ ಎಲ್ಲ ನೋಡಿ. ಕ್ಲಿಪ್ ಸರಿಯಾಗಿ ಕೂತಿಲ್ಲ ಅನ್ನೋದು ಇಂಥ ಓಡಾಟದಲ್ಲೇ ಗೊತ್ತಾಗೋದು, ನಾಗಪುರ ದಾಟಿದ್ಮೇಲೆ ಗೊತ್ತಾದ್ರೆ ಏನ್ ಪ್ರಯೋಜನ.

ಡಿಕ್ಕೀಲಿ ಏನಿರ್ಬೇಕು: ಜಂಪರ್ ಕೇಬಲ್, ಟೋ ಹಗ್ಗ, ಪಂಕ್ಚರ್ ಕಿಟ್, ಹೆಡ್‌ಲೈಟ್ ಬಲ್ಬ್, ಫ್ಯೂಸು, ಫ್ಯಾನ್ ಬೆಲ್ಟ್, ಮಿಕ್ಸ್ ಮಾಡಿರೋ ಕೂಲಂಟ್ ಒಂದು ಕ್ಯಾನು, ಇಂಜಿನ್ ಆಯಿಲ್ ಒಂದು ಲೀಟರ್, ತಲೆಗೆ ಕಟ್ಟೋ ಟಾರ್ಚು, ಎರಡನೇ ಕೀ. ಎರಡನೇ ಕೀ ಇನ್ನೊಬ್ಬರ ಬ್ಯಾಗಲ್ಲಿ ಇರ್ಲಿ, ಡಿಕ್ಕೀಲಿ ಅಲ್ಲ. ಏರ್ ಫಿಲ್ಟರ್ ಒಂದು ಹೆಚ್ಚಿಗೆ ತಗೊಳ್ಳಿ, ನೇಪಾಳದ ರಸ್ತೆ ಅಗಲೀಕರಣದ ಧೂಳು ಕಾಫಿ ತೋಟದ ಬೇಸಿಗೆ ಧೂಳನ್ನೂ ಮೀರಿಸುತ್ತೆ. ಮಾರುತಿ, ಟಾಟಾ, ಮಹೀಂದ್ರಾ, ಹ್ಯೂಂಡೈ ಎಲ್ಲ ನೇಪಾಳದಲ್ಲಿ ಮಾರಾಟ ಆಗೋ ಗಾಡಿಗಳೇ, ಕಠ್ಮಂಡು ಪೋಖರಾದಲ್ಲಿ ಪಾರ್ಟ್ಸ್ ಸಿಗ್ತಾವೆ. ನಿಮ್ಮ ರೋಡ್‌ಸೈಡ್ ಅಸಿಸ್ಟೆನ್ಸ್ ಗಡಿಯಾಚೆ ನಡಿಯುತ್ತಾ ಅಂತ ಮೊದ್ಲೇ ಕೇಳ್ಕೊಳ್ಳಿ.

ದಾರಿ, ಗಡಿ

ಹಾಸನದಿಂದ ಬೆಂಗಳೂರು, ಹೈದರಾಬಾದ್, ನಾಗಪುರ, ಜಬಲ್‌ಪುರ, ಪ್ರಯಾಗರಾಜ್, ಗೋರಖ್‌ಪುರ, ಸೋನೌಲಿ. ಹೆಚ್ಚೂಕಮ್ಮಿ 2,200 ಕಿಲೋಮೀಟರ್. ನಾಗಪುರ ದಾಟಿ ಪೆಂಚ್ ಕಾಡಿನಲ್ಲಿ ರಸ್ತೆನೇ ಮೇಲೆತ್ತಿ ಪ್ರಾಣಿಗಳು ಕೆಳಗೆ ದಾಟೋ ಹಾಗೆ ಮಾಡಿದಾರೆ, ಚೆನ್ನಾಗಿದೆ. ಜಬಲ್‌ಪುರದಿಂದ ಮುಂದೆ ಸ್ಪೀಡ್ ಲೆಕ್ಕಾಚಾರ ಮಾಡ್ಬೇಡಿ, ಮಂಜು ಹೇಳಿದಂಗೆ ಕೇಳ್ಬೇಕು.

ಸೋನೌಲಿ ಗೇಟ್ ದಾಟಿದ್ರೆ ನೇಪಾಳದ ಬೆಲಹಿಯಾ. ಅಲ್ಲಿ ಕಸ್ಟಮ್ಸ್ ಆಫೀಸಲ್ಲಿ ಗಾಡಿಗೆ ಭನ್ಸಾರ್ (ಕಸ್ಟಮ್ಸ್ ಚೀಟಿ) ಮಾಡಿಸ್ಬೇಕು, ದಿನದ ಲೆಕ್ಕದಲ್ಲಿ ಫೀಸು, ಆಮೇಲೆ ಸಾರಿಗೆ ಪರ್ಮಿಟ್. ಬೇಕಾಗೋದ್ಕಿಂತ ಒಂದೆರಡು ದಿನ ಜಾಸ್ತಿಗೇ ಮಾಡ್ಸಿ, ರಸ್ತೆ ಬಂದ್ ಆಗಿ ತಡ ಆದ್ರೆ ದಂಡಕ್ಕಿಂತ ಇದು ಅಗ್ಗ. ವರ್ಷದಲ್ಲಿ ಒಟ್ಟು 30 ದಿನ ಮಾತ್ರ ನಮ್ಮ ಖಾಸಗಿ ಗಾಡಿ ಅಲ್ಲಿರ್ಬಹುದು. ನಮ್ಮ 100 ರೂಪಾಯಿ ಅವರ 160, ಈ ರೇಟು 1993ರಿಂದ ಬದಲಾಗಿಲ್ಲ, ನೂರರ ನೋಟು ಕಟ್ಟಾಗಿ ಇಟ್ಕೊಳ್ಳಿ. ಗಡಿಯಾರ 15 ನಿಮಿಷ ಮುಂದೆ. ಕುಡಿದು ಓಡ್ಸೋದಕ್ಕೆ ಅಲ್ಲಿ ಸೊನ್ನೆ ರಿಯಾಯಿತಿ, ಊಟಕ್ಕೆ ಒಂದು ಬಿಯರ್ ಅಂತಾನೂ ಇಲ್ಲ. ಇನ್ನ ಕಠ್ಮಂಡು ಕಣಿವೆಯಲ್ಲಿ 2017ರಿಂದ ಸುಮ್‌ಸುಮ್ನೆ ಹಾರ್ನ್ ಹೊಡಿಯೋ ಹಾಗಿಲ್ಲ. ಶಿರಾಡಿ ತಿರುವು ತಿರುವಿಗೂ ಹಾರ್ನ್ ಹೊಡೆದು ಅಭ್ಯಾಸ ಇರೋ ಕೆಎ-13, ಕೆಎ-46, ಕೆಎ-18ರೋರು ಸ್ವಲ್ಪ ಕೈ ಹಿಡೀಬೇಕು.

ವಾಪಸ್ ಬರುವಾಗ ಭನ್ಸಾರ್ ಚೀಟಿ ಗಡಿಯಲ್ಲಿ ಒಪ್ಪಿಸಿ ಬನ್ನಿ, ಬೇರೆ ಗಡಿಯಿಂದ ಆಚೆ ಬರೋ ಪ್ಲಾನ್ ಇದ್ರೆ ಒಳಗೆ ಹೋಗುವಾಗಲೇ ಹೇಳಿ ಬರೆಸ್ಕೊಂಡಿರ್ಬೇಕು. ಒಪ್ಪಿಸೋಕ್ ಮುಂಚೆ ಅದರ ಫೋಟೋ ಒಂದು ತೆಕ್ಕೊಂಡಿಟ್ಕೊಳ್ಳಿ.